ಬೇರ್ ಗ್ರಿಲ್ಸ್ ನೋಡಿ ಕಾಡು ಕಲಿತವರಿಗೆ ಒಂದು ಮಾತು

ಹೋದ ಮುಂಗಾರಿನಲ್ಲಿ ಬೇರೇನೋ ಸುದ್ದಿಗೆಂದು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆವು. ತುರ್ತು ವಾರ್ಡಿನ ಮಂಚದ ಮೇಲೆ ಪಿಯುಸಿ ಓದುವ ಹುಡುಗ ಮಲಗಿದ್ದ. ಅರಿಶಿನದ ಹೊಲದ ಬದುವಿನಲ್ಲಿ ಕೊಳಕುಮಂಡಲ ಕಚ್ಚಿತ್ತು. ಮೊಣಕಾಲಿನ ಕೆಳಗೆ ಶೂ ಲೇಸು ಬಿಗಿದಿದ್ದರು. ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ದಿದ್ದರು. ರಕ್ತ ನಿಲ್ಲುತ್ತಲೇ ಇರಲಿಲ್ಲ.

ಕೊಯ್ದವನು ಅವನ ಗೆಳೆಯ, ಪಕ್ಕದಲ್ಲೇ ನಡುಗುತ್ತಾ ನಿಂತಿದ್ದ. ಯಾರಪ್ಪಾ ಹೇಳಿಕೊಟ್ಟಿದ್ದು ಅಂತ ಕೇಳಿದೆವು. "ಸರ್ವೈವಲ್ ವಿಡಿಯೋದಲ್ಲಿ ನೋಡಿದ್ದೆ ಕಣಣ್ಣ, ಹಿಂಗೇ ಮಾಡ್ತಾರೆ" ಅಂದ.

ಹುಡುಗ ಬದುಕಿದ. ಬದುಕಿಸಿದ್ದು ಬ್ಲೇಡಲ್ಲ, ಆಸ್ಪತ್ರೆಯ ವಿಷನಿರೋಧಕ ಇಂಜೆಕ್ಷನ್ನು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಅಂಥ ಕಾಲಿಗೆ ಬ್ಲೇಡು ಹಾಕಿದರೆ ಸೋರುತ್ತಲೇ ಇರುತ್ತದೆ. ಬಿಗಿಯಾಗಿ ಕಟ್ಟಿದರೆ ಕಟ್ಟಿದ ಕೆಳಗಿನ ಮಾಂಸಕ್ಕೆ ರಕ್ತ ಹೋಗದೆ ಕೊಳೆಯುತ್ತದೆ. ಮಾಡಬೇಕಾದ್ದು ಇಷ್ಟೇ: ಉಂಗುರ, ಕಾಲ್ಗೆಜ್ಜೆ ಬಿಚ್ಚಿ, ಮೂಳೆ ಮುರಿದವರಿಗೆ ಮಾಡುವ ಹಾಗೆ ದಬ್ಬೆ ಇಟ್ಟು ಕಾಲು ಅಲುಗದಂತೆ ಮಾಡಿ, ನಡೆಸದೆ, ಓಡಿಸದೆ ಆಸ್ಪತ್ರೆಗೆ ಕರೆದೊಯ್ಯುವುದು. ಇದರಲ್ಲಿ ಸಾಹಸ ಇಲ್ಲ, ಹೀರೋ ಇಲ್ಲ. ಅದಕ್ಕೇ ಇದನ್ನು ಯಾರೂ ಶೇರ್ ಮಾಡುವುದಿಲ್ಲ.

ಇಂಥ ಕಾರ್ಯಕ್ರಮಗಳು ಕಾಡಿನಲ್ಲಿ ಬದುಕುವುದನ್ನು ಕಲಿಸುತ್ತವೆ ಎನ್ನುವವರಿಗೆ ನಾವು ನೇರವಾಗಿ ಹೇಳುತ್ತೇವೆ: ಕಲಿಸುವುದಿಲ್ಲ. ಅವುಗಳಲ್ಲಿ ಬಹಳಷ್ಟು ಕಾಡಿನ ಬುದ್ಧಿಗೆ ನೇರ ಉಲ್ಟಾ ಇರುವುದನ್ನೇ ಕಲಿಸುತ್ತವೆ.

ಗ್ರಿಲ್ಸ್ ಕೈಲಾಗದ ಮನುಷ್ಯ ಅಂತ ನಾವು ಅನ್ನುತ್ತಿಲ್ಲ. ಬ್ರಿಟನ್ನಿನ ಮೀಸಲು ವಿಶೇಷ ಪಡೆಯಲ್ಲಿದ್ದವರು, 1998ರಲ್ಲಿ ಎವರೆಸ್ಟ್ ಹತ್ತಿದವರು. ತಕರಾರು ಇರುವುದು ಕಾರ್ಯಕ್ರಮದ ಬಗ್ಗೆ. ಕಾಡಿನಲ್ಲಿ ಒಬ್ಬನೇ ಸಿಕ್ಕಿಕೊಂಡವನಂತೆ ತೋರಿಸಿದ ಕೆಲವು ರಾತ್ರಿ ಅವರು ಹೋಟೆಲಿನಲ್ಲಿ ಮಲಗಿದ್ದರು ಎಂಬುದು 2007ರಲ್ಲೇ ಬಯಲಾಯಿತು. ಒಬ್ಬರೇ ಕಟ್ಟಿದಂತೆ ತೋರಿಸಿದ ತೆಪ್ಪವನ್ನು ತಂಡದವರು ಮೊದಲೇ ಕಟ್ಟಿ ನೋಡಿ, ಬಿಚ್ಚಿ ಇಟ್ಟಿದ್ದರು. ಆಮೇಲೆ ವಾಹಿನಿ ಒಂದು ಸೂಚನೆ ಹಾಕತೊಡಗಿತು: ತಂಡದ ಸಹಾಯ ಇರುತ್ತದೆ, ಕೆಲವು ಸನ್ನಿವೇಶಗಳನ್ನು ತೋರಿಸುವುದಕ್ಕೆಂದೇ ಏರ್ಪಾಡು ಮಾಡಿರುತ್ತೇವೆ ಅಂತ. ಆ ಸೂಚನೆ ಟಿವಿಯಲ್ಲಿ ಬರುತ್ತದೆ. ನಿಮ್ಮ ಫೋನಿಗೆ ಬರುವ 30 ಸೆಕೆಂಡಿನ ತುಂಡಿನಲ್ಲಿ ಬರುತ್ತದೆಯೇ?

2019ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ ಇದ್ದ ಕಂತು ಬಂದಾಗ ಊರೂರಲ್ಲಿ ಒಂದೇ ಪ್ರಶ್ನೆ. ಇವರು ಹಿಂದಿಯಲ್ಲಿ ಮಾತಾಡಿದ್ದು ಅವರಿಗೆ ಹೇಗೆ ಅರ್ಥವಾಯಿತು? ಕಿವಿಯಲ್ಲಿ ಅನುವಾದ ಕೇಳಿಸುವ ಸಣ್ಣ ಉಪಕರಣ ಇತ್ತು ಎಂದು ಪ್ರಧಾನಿಯೇ ಆಮೇಲೆ ಮನ್ ಕಿ ಬಾತ್‌ನಲ್ಲಿ ಹೇಳಿದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಪರದೆಯ ಮೇಲೆ ಇಬ್ಬರೇ ಕಂಡರೂ ಪರದೆಯ ಹಿಂದೆ ಎಷ್ಟು ಏರ್ಪಾಡು ಇರುತ್ತದೆ ನೋಡಿ. ಕ್ಯಾಮೆರಾ ಹಿಡಿದವರು, ಡಾಕ್ಟರು, ಜೀಪು, ಕಾವಲು.

2020ರ ಜನವರಿ ಕೊನೆಗೆ ಇದೇ ತಂಡ ನಮ್ಮ ಬಂಡೀಪುರಕ್ಕೆ ಬಂತು. ಮೊದಲು ರಜನಿಕಾಂತ್, ಹಿಂದೆಯೇ ಅಕ್ಷಯ್ ಕುಮಾರ್. ಅದಕ್ಕೆ ಒಂದು ವರ್ಷ ಮುಂಚೆ, 2019ರ ಫೆಬ್ರುವರಿಯಲ್ಲಿ, ಇದೇ ಬಂಡೀಪುರದ ಸಾವಿರಾರು ಎಕರೆ ಸುಟ್ಟು ಹೋಗಿತ್ತು. ಬೆಂಕಿಯ ಕಾಲ ಹತ್ತಿರ ಬಂದಾಗ ಶೂಟಿಂಗಿಗೆ ಅನುಮತಿ ಯಾಕೆ ಎಂದು ಪರಿಸರದವರು ಕೇಳಿದರು. ನಮಗೆ ಡೆಸ್ಕಿನಿಂದ ಫೋನು ಬಂತು: "ರಜನಿ ಫೋಟೋ ಸಿಗುತ್ತಾ ನೋಡಿ." ಬೆಂಕಿ ಆರಿಸಿದ ವಾಚರ್‌ಗಳ ಸಂಬಳ ತಡವಾದ ಬಗ್ಗೆ ನಾವು ಕಳಿಸಿದ ವರದಿಗೆ ಹಿಂದಿನ ವರ್ಷ ಎರಡು ಇಂಚು ಜಾಗ ಸಿಕ್ಕಿತ್ತು. ರಜನಿಗೆ ಮುಳ್ಳು ತರಚಿದ್ದು ಮುಖಪುಟಕ್ಕೆ ಹೋಯಿತು.

ಅಕ್ಷಯ್ ಕಂತಿನಲ್ಲಿ ಆನೆ ಲದ್ದಿಯ ಟೀ ಕುಡಿದರು. ದೇಶವೆಲ್ಲ ಅದನ್ನೇ ಮಾತಾಡಿತು. ಗ್ರಿಲ್ಸ್ ಬೇರೆ ಕಂತುಗಳಲ್ಲಿ ಹಸಿ ಲದ್ದಿ ಹಿಂಡಿ ನೀರು ಕುಡಿದಿದ್ದಾರೆ, ತಮ್ಮ ಮೂತ್ರವನ್ನೇ ಕುಡಿದಿದ್ದಾರೆ. ಅಮೆರಿಕದ ಸೇನೆ ತನ್ನ ಸೈನಿಕರಿಗೆ ಕೊಡುವ ಕೈಪಿಡಿಯಲ್ಲಿ, ಬಾಯಾರಿ ಸಾಯುವಂತಾದರೂ ಕುಡಿಯಬಾರದ ಪಟ್ಟಿಯಲ್ಲಿ ಮೂತ್ರ ಇದೆ, ಸಮುದ್ರದ ನೀರಿನ ಜೊತೆಗೇ. ಅದರಲ್ಲಿರುವ ಉಪ್ಪು ಮೈಯ ನೀರನ್ನು ಇನ್ನಷ್ಟು ಎಳೆಯುತ್ತದೆ. ಹಾಗಾದರೆ ಟಿವಿಯಲ್ಲಿ ಯಾಕೆ ಕುಡಿಯುತ್ತಾರೆ? ನೀವು ಮುಖ ಸಿಂಡರಿಸಿಕೊಂಡು ನೋಡುತ್ತೀರಿ, ಅದಕ್ಕೆ.

ಕಾಡಿನ ಅಪಾಯ ಟಿವಿಯಲ್ಲಿ ಯಾವಾಗಲೂ ದೊಡ್ಡದಾಗಿರುತ್ತದೆ, ಗರ್ಜಿಸುತ್ತದೆ. ನಮ್ಮ ಕಾಡಿನಲ್ಲಿ ಅದು ಉಣುಗಿನಷ್ಟು ಚಿಕ್ಕದಿರಬಹುದು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. 2012ರಲ್ಲಿ ಬಂಡೀಪುರದಲ್ಲೂ ಸತ್ತ ಮಂಗಗಳನ್ನು ಸುಡುವ ಕೆಲಸ ಮಾಡಿದವರಿಗೆ ತಗುಲಿತು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕು, ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಇರಬೇಕು, ಬಂದ ಮೇಲೆ ಬಿಸಿನೀರು ಹಾಕಿಕೊಂಡು ಬಟ್ಟೆ ಒಗೆಯಬೇಕು. ಇದು ನಿಜವಾದ ಸರ್ವೈವಲ್ಲು. ಬಟ್ಟೆ ಒಗೆಯುವುದನ್ನು ಯಾವ ಚಾನೆಲ್ಲು ತೋರಿಸುತ್ತದೆ?

ಕಳ್ಳಬೇಟೆ ತಡೆ ಶಿಬಿರದಲ್ಲಿರುವ ಒಬ್ಬರು ನಮಗೆ ಪರಿಚಯ. ಜೇನು ಕುರುಬರು, ಹೊರಗುತ್ತಿಗೆ ಕೆಲಸ, ನಮಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾವು ಅಣ್ಣ ಅಂತೀವಿ, ಅವರು ಬೇಡ ಅಂದರೂ ಸಾರ್ ಅಂತಾರೆ. ಅವರಿಗೆ ನಮ್ಮ ಫೋನಿನಲ್ಲಿ ಒಂದು ತುಂಡು ತೋರಿಸಿದೆವು. ಕೊನೆಯವರೆಗೂ ನೋಡಿ ಒಂದೇ ಮಾತು ಕೇಳಿದರು. "ಗಾಳಿ ಯಾವ್ ಕಡೆ ಐತೆ ಅಂತ ಒಬ್ರೂ ನೋಡ್ನಿಲ್ವಲ್ಲ ಸಾರ್?"

ಆನೆ ಎದುರಾದರೆ ಏನು ಮಾಡಬೇಕು ಅಂತ ನಾವು ಕೇಳಿದೆವು. ಪಟ್ಟಣದವರು ಕೇಳುವ ಪ್ರಶ್ನೆ ಅದು. "ಎದುರಾಗ್ದಂಗೆ ನಡ್ಯೋದೇ ನಮ್ ಕೆಲ್ಸ" ಅಂದರು. ಲದ್ದಿ ಮುಟ್ಟಿ ಬಿಸಿ ನೋಡುತ್ತಾರೆ. ಮುರಿದ ಕೊಂಬೆಯ ಹಸಿ ನೋಡುತ್ತಾರೆ. ಮುಸವ, ಕಡವೆ ಕೂಗಿದರೆ ನಿಂತುಬಿಡುತ್ತಾರೆ. ಲಂಟಾನ ಪೊದೆ ದಟ್ಟ ಇದ್ದರೆ ಸುತ್ತು ಹಾಕುತ್ತಾರೆ, ಅರ್ಧ ಗಂಟೆ ಹೆಚ್ಚಾದರೂ. ಹೀಗೆ ನಡೆದರೆ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅವರ ವಿದ್ಯೆ.

ಟಿವಿ ನೋಡಿ ಬೆಳೆದವರ ವಿದ್ಯೆ 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಕಂಡಿತು ಅಂದರೆ ಸ್ವಲ್ಪ ಹೆಚ್ಚಾಯಿತೇನೋ. ಸೆಲ್ಫಿಗೆ ಹೋದ ಆ ಮನುಷ್ಯ ಏನು ನೋಡಿ ಬೆಳೆದರೋ ನಾವು ಕಾಣೆವು. ಆನೆ ಅಟ್ಟಿಸಿಕೊಂಡು ಬಂದು ಕೆಡವಿತು, ಪುಣ್ಯಕ್ಕೆ ಬದುಕಿದರು, ಇಲಾಖೆ 25 ಸಾವಿರ ದಂಡ ಹಾಕಿತು. ಆದರೆ ಕಾಡುಪ್ರಾಣಿ ಅಂದರೆ ಹತ್ತಿರ ಹೋಗಿ ಧೈರ್ಯ ತೋರಿಸುವುದಕ್ಕೆ ಇರುವ ವಸ್ತು ಎಂಬ ಬುದ್ಧಿಯನ್ನು ಈ ಕಾರ್ಯಕ್ರಮಗಳು ನೀರು ಹಾಕಿ ಬೆಳೆಸಿವೆ. ಕನ್ನಡದಲ್ಲೂ ಬಂದಿತ್ತಲ್ಲ, 'ಪ್ಯಾಟೆ ಮಂದಿ ಕಾಡಿಗ್ ಬಂದ್ರು'. ಅದರಲ್ಲಿ ಕಾಡು ಇದ್ದದ್ದು ಜಗಳಕ್ಕೆ ಹಿನ್ನೆಲೆಯಾಗಿ.

ಎಲ್ಲವೂ ಹಾಗೇ ಎಂದರೆ ಅನ್ಯಾಯ. ಕೆನಡಾದ ಲೆಸ್ ಸ್ಟ್ರೌಡ್ 'ಸರ್ವೈವರ್‌ಮ್ಯಾನ್'ನಲ್ಲಿ ಕ್ಯಾಮೆರಾಗಳನ್ನು ತಾವೇ ಹೊತ್ತು, ಒಂಟಿಯಾಗಿ ಉಳಿದು ಚಿತ್ರೀಕರಿಸಿದರು. ಅದರಲ್ಲಿ ಹೆಚ್ಚು ಹೊತ್ತು ಹಸಿವು, ಚಳಿ, ಸುಮ್ಮನೆ ಕೂರುವುದು. 'ಅಲೋನ್'ನಲ್ಲೂ ಸ್ಪರ್ಧಿಗಳು ತಾವೇ ಚಿತ್ರೀಕರಿಸುತ್ತಾರೆ. ತೀರಾ ಸೊರಗಿದವರನ್ನು ಡಾಕ್ಟರೇ ವಾಪಸು ಕಳಿಸುತ್ತಾರೆ. ನೋಡಲೇಬೇಕಾದರೆ ಇವನ್ನು ನೋಡಿ. ಆದರೂ ಅದು ಕೆನಡಾದ ಹಿಮದ ಪಾಠ, ನಮ್ಮ ಲಂಟಾನ ಪೊದೆಯದ್ದಲ್ಲ.

ಇನ್ನೊಂದು ವಿಷಯ ನಮ್ಮನ್ನು ಉರಿಸುತ್ತದೆ. ಟಿವಿಯಲ್ಲಿ ಮಾಡಿ ತೋರಿಸುವುದನ್ನು ಹಾಡಿಯ ಹುಡುಗ ಮಾಡಿದರೆ ಜೈಲು. ಉಡ ಹಿಡಿದರೆ ಕೇಸು, ಅಭಯಾರಣ್ಯದಲ್ಲಿ ಬೆಂಕಿ ಹಚ್ಚಿದರೆ 1972ರ ಕಾಯ್ದೆಯಲ್ಲಿ ಕೇಸು. ಕಾನೂನು ಬೇಕು, ನಾವು ಅದರ ಪರ. ಆದರೆ ತಲೆಮಾರುಗಳಿಂದ ಕಾಡು ಓದಿದವರನ್ನು ಹೊರಗಿಟ್ಟು, ಹೆಲಿಕಾಪ್ಟರಿನಿಂದ ಇಳಿದವರನ್ನು ಮೇಷ್ಟ್ರು ಅಂತ ಒಪ್ಪಿಕೊಳ್ಳುವುದು ಯಾವ ನ್ಯಾಯ?

ಕಾಡಂಚಿನ ಶಾಲೆಗಳ ಎಸ್‌ಡಿಎಂಸಿಯವರಿಗೆ ನಮ್ಮದೊಂದು ಕೋರಿಕೆ. ಈ ಆಗಸ್ಟ್ 15ಕ್ಕೆ ಭಾಷಣದವರನ್ನು ಒಬ್ಬರು ಕಡಿಮೆ ಮಾಡಿ, ನಿಮ್ಮ ಹತ್ತಿರದ ಶಿಬಿರದ ವಾಚರ್ ಒಬ್ಬರನ್ನು ಕರೆಸಿ. ಇಲಾಖೆಗೆ ಮೊದಲೇ ಪತ್ರ ಬರೆದು ರಜೆ ಕೊಡಿಸಿ. ಅರ್ಧ ಗಂಟೆ ಮಕ್ಕಳ ಜೊತೆ ಬಿಡಿ, ಮೈಕು ಬೇಡ. ಹಾವು ಕಚ್ಚಿದರೆ ಏನು ಮಾಡಬೇಕು ಅಂತ ಹೇಳಲು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನನ್ನೂ ಕರೆಯಿರಿ. ಮತ್ತೆ, ಬಂದ ವಾಚರ್‌ಗೆ ಬರೀ ಶಾಲು ಹೊದಿಸಿ ಕಳಿಸಬೇಡಿ. ಆ ದಿನದ ಕೂಲಿಯನ್ನು ಕವರಿನಲ್ಲಿ ಹಾಕಿ ಕೊಡಿ.