ವೆಂಟಿಲೇಟರ್ ಹಾಕಿದರೆ ಸೋಂಕು ಬರುತ್ತದೆಯೇ? ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬಗ್ಗೆ ತಿಳಿಯಿರಿ

“ವೆಂಟಿಲೇಟರ್‌ಗೆ ಹಾಕಿದರೆ ಮನುಷ್ಯ ವಾಪಸ್ ಬರಲ್ಲ, ಸಹಿ ಹಾಕಬೇಡಿ” ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲೂ ಐಸಿಯು ಹೊರಗಿನ ಬೆಂಚುಗಳಲ್ಲೂ ಕೇಳಿಬರುತ್ತದೆ. ಇದರಲ್ಲಿ ಎಷ್ಟು ನಿಜ?

ವೆಂಟಿಲೇಟರ್ ಬೇಕಾಗುವುದೇ ತಾನಾಗಿ ಉಸಿರಾಡಲು ಆಗದಷ್ಟು ಗಂಭೀರ ಸ್ಥಿತಿಯಲ್ಲಿರುವವರಿಗೆ. ಆಗ ಅದನ್ನು ಬೇಡವೆಂದರೆ ಜೀವಕ್ಕೇ ಅಪಾಯ. ಆದರೆ ಸೋಂಕಿನ ಭಯ ಸುಳ್ಳಲ್ಲ.

ಸೋಂಕು ಹೇಗೆ ಬರುತ್ತದೆ?

ನೀರು ನೆತ್ತಿಗೆ ಹತ್ತಿದರೆ ನಾವು ಕೆಮ್ಮಿ ಹೊರಹಾಕುತ್ತೇವೆ. ಶ್ವಾಸನಾಳದಲ್ಲಿ ಕೊಳವೆ ಇರುವ, ಮಂಪರಿನಲ್ಲಿರುವ ರೋಗಿಗೆ ಅದು ಸಾಧ್ಯವಿಲ್ಲ. ಬಾಯಿ, ಗಂಟಲಿನ ದ್ರವ ಕೊಳವೆಯ ಪಕ್ಕದಿಂದ ಶ್ವಾಸಕೋಶಕ್ಕೆ ಜಿನುಗುತ್ತದೆ. ಕೊಳವೆಯ ಒಳಗೆ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ಕೊಳವೆ ಹಾಕಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ ನ್ಯುಮೋನಿಯಾವನ್ನು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎನ್ನುತ್ತಾರೆ.

ಔಷಧ ಏಕೆ ಕೆಲಸ ಮಾಡುವುದಿಲ್ಲ?

ನಮ್ಮ ಐಸಿಯುಗಳಲ್ಲಿ ಹೆಚ್ಚು ಕಾಡುವುದು ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ. ಅಸಿನೆಟೊಬ್ಯಾಕ್ಟರ್ ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕಬಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇತ್ತೀಚಿನ ವರದಿಗಳ ಪ್ರಕಾರ, ಆಸ್ಪತ್ರೆಗಳಲ್ಲಿ ಪತ್ತೆಯಾದ ಈ ಬ್ಯಾಕ್ಟೀರಿಯಾದ ಹತ್ತು ಮಾದರಿಗಳಲ್ಲಿ ಎಂಟಕ್ಕಿಂತ ಹೆಚ್ಚು ಮೆರೊಪೆನೆಮ್‌ನಂಥ ಪ್ರಬಲ ಔಷಧಕ್ಕೂ ಬಗ್ಗುವುದಿಲ್ಲ. ಆಗ ಉಳಿಯುವ ಕೊಲಿಸ್ಟಿನ್‌ನಂಥ ಕೆಲವೇ ಔಷಧಗಳಿಂದ ಕಿಡ್ನಿಗೆ ತೊಂದರೆಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಪಟ್ಟಿಯಲ್ಲಿ ಈ ಎರಡೂ ಬ್ಯಾಕ್ಟೀರಿಯಾಗಳ ಔಷಧ ನಿರೋಧಕ ತಳಿಗಳು ಅತಿ ಅಪಾಯಕಾರಿ ಗುಂಪಿನಲ್ಲಿವೆ.

ನಮ್ಮ ಮನೆಗೂ ಇದಕ್ಕೂ ಏನು ಸಂಬಂಧ?

ಆ್ಯಂಟಿಬಯಾಟಿಕ್ ತೆಗೆದುಕೊಂಡಾಗಲೆಲ್ಲ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಔಷಧ ತಡೆದುಕೊಳ್ಳಬಲ್ಲವು ಉಳಿದು ಹೆಚ್ಚುತ್ತವೆ. ಆ ಶಕ್ತಿಯ ಜೀನ್‌ಗಳನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ಕ್ಲೆಬ್ಸಿಯೆಲ್ಲಾ ನಮ್ಮ ಕರುಳಿನಲ್ಲೇ ಇರಬಹುದು. ವೈರಸ್‌ನಿಂದ ಬರುವ ನೆಗಡಿಗೆ ಮೆಡಿಕಲ್ ಶಾಪ್‌ನಿಂದ ತಂದು ನುಂಗಿದ ಆ್ಯಂಟಿಬಯಾಟಿಕ್ ನೆಗಡಿ ವಾಸಿ ಮಾಡುವುದಿಲ್ಲ, ಇಂಥ ಬ್ಯಾಕ್ಟೀರಿಯಾ ಬೆಳೆಯಲು ಮಾತ್ರ ನೆರವಾಗುತ್ತದೆ. ಮುಂದೊಂದು ದಿನ ಐಸಿಯು ಸೇರಬೇಕಾದರೆ ಅದೂ ನಮ್ಮ ಜೊತೆಗೇ ಬರುತ್ತದೆ.

ನಾವೇನು ಮಾಡಬಹುದು?

• ಐಸಿಯು ಒಳಗೆ ಹೋಗುವಾಗಲೂ ಹೊರಬಂದ ಮೇಲೂ ಕೈ ತೊಳೆಯಿರಿ. ರೋಗಿಯ ಕೊಳವೆ, ಯಂತ್ರ ಮುಟ್ಟಬೇಡಿ.
• ವೈದ್ಯರನ್ನು ಧೈರ್ಯವಾಗಿ ಕೇಳಿ: ಹಾಸಿಗೆಯ ತಲೆಭಾಗ ಎತ್ತರಿಸಿದ್ದೀರಾ? ಬಾಯಿ ಸ್ವಚ್ಛ ಮಾಡುತ್ತಿದ್ದೀರಾ? ಕೊಳವೆ ತೆಗೆಯಬಹುದೇ ಎಂದು ದಿನವೂ ನೋಡುತ್ತಿದ್ದೀರಾ? ಕೊಳವೆ ಬೇಗ ಹೊರಬಂದಷ್ಟೂ ಅಪಾಯ ಕಡಿಮೆ.
• ಪಟ್ಟಿಯ ಮೇಲೆ ಕೆಂಪು ಗೆರೆ ಇರುವ ಮಾತ್ರೆಗಳನ್ನು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ.

ಹಾಗಾಗಿ “ಸಹಿ ಹಾಕಬೇಡಿ” ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ವೈದ್ಯರು ಬೇಕೆಂದಾಗ ವೆಂಟಿಲೇಟರ್ ನಿರಾಕರಿಸುವುದರಿಂದ ಈ ಬ್ಯಾಕ್ಟೀರಿಯಾ ದೂರವಾಗುವುದಿಲ್ಲ. ತೊಳೆದ ಕೈ, ಬೇಡದಿದ್ದಾಗ ನುಂಗದ ಮಾತ್ರೆ ಅದನ್ನು ತಡೆಯಲು ನೆರವಾಗುತ್ತವೆ.