ಕೀಲಿಕೈ ಹಿಡಿದವನ ಕೂಲಿ

ದೊಡ್ಡ ಜಂಕ್ಷನ್ನುಗಳಿಗೆ ಹಗಲಿರುಳೆಂಬ ಭೇದವಿಲ್ಲ. ಅಲ್ಲಿ ಬಾಗಿಲು ಮುಚ್ಚುವ ಪ್ರಶ್ನೆಯೇ ಏಳದು. ಸಣ್ಣ ಹಾಲ್ಟುಗಳ ಸಂಗತಿ ಬೇರೆ. ಅಲ್ಲಿ ಸ್ಟೇಶನ್ ಮಾಸ್ತರರಿಲ್ಲ, ಸಿಗ್ನಲ್ಲಿಲ್ಲ. ಊರವನೊಬ್ಬನೇ ಏಜಂಟನಾಗಿ, ಗಾಡಿಯ ಹೊತ್ತಿಗೆ ಮುಂಚೆ ಬಂದು ಕೀಲಿ ತೆಗೆದು, ತಿಕೀಟು ಕೊಟ್ಟು, ಗಾಡಿ ಹೋದ ಬಳಿಕ ಹಣವೆಣಿಸಿ ಕೀಲಿ ಹಾಕುತ್ತಾನೆ. ಆ ತಿಕೀಟುಗಳನ್ನಾದರೂ ಅವನು ಮುಂಗಡ ಹಣ ತೆತ್ತು ತರಬೇಕು. ಅವನ ಪ್ರತಿಫಲವು ಬಹುಮಟ್ಟಿಗೆ ಮಾರಿದ ತಿಕೀಟಿನ ಮೇಲಣ ಕಮಿಶನ್ನು.

2014ರಲ್ಲಿ ಮುಂಬಯಿಯಲ್ಲಿ ಮೊದಲಾದ ಮೊಬೈಲ್ ತಿಕೀಟಿನ ಪದ್ಧತಿಯು ಈಗ ದೇಶವನ್ನೆಲ್ಲ ವ್ಯಾಪಿಸಿದೆ. ಪ್ರಯಾಣಿಕರಿಗೆ ಅನುಕೂಲವೇ, ನಾವದನ್ನು ಹಳಿಯುವುದಿಲ್ಲ. ಆದರೆ ಹೀಗೆ ಕೊಂಡ ಒಂದೊಂದು ತಿಕೀಟೂ ಏಜಂಟನ ಕೈತಪ್ಪಿದ ಕಾಸು. ಅವನ ಕೆಲಸವಾದರೂ ಕಡಿಮೆಯಾಯಿತೆ? ಮಳೆಗಾಲದ ನಸುಕಿನಲ್ಲಿ ಬಾಗಿಲು ತೆರೆಯುವವನು ಅವನೇ, ತಡವಾದ ಗಾಡಿಗಾಗಿ ಕಾದು ಕೂಡ್ರುವವನೂ ಅವನೇ.

ಬಂಗಾಲದ ಪುರುಲಿಯಾ ಜಿಲ್ಲೆಯ ಬೇಗುನ್‌ಕೋಡರ್ ನಿಲ್ದಾಣವು 1967ರಲ್ಲಿ ಮುಚ್ಚಿ, 2009ರಲ್ಲಿ ತಿರುಗಿ ತೆರೆಯಿತು. ಭೂತದ ಸುದ್ದಿ ಹಬ್ಬಿ, ಅಲ್ಲಿರಲು ನೌಕರರು ಒಪ್ಪಲಿಲ್ಲವೆಂದು ಹೇಳುತ್ತಾರೆ. ಭೂತವನ್ನು ಕಂಡವರಾರೋ! 42 ವರ್ಷ ಗಾಡಿಯಿಲ್ಲದೆ ಉಳಿದವರು ಮಾತ್ರ ಊರವರು.

ಭೂತಕ್ಕೆ ಅಂಜಿ ಬಿಟ್ಟರೂ ಹೊಟ್ಟೆಗಿಲ್ಲದೆ ಬಿಟ್ಟರೂ ಕೀಲಿ ಬಿದ್ದ ಬಾಗಿಲು ಒಂದೇ. ಆದುದರಿಂದ ಬಾಗಿಲು ತೆರೆದು ಮುಚ್ಚುವ ಕೆಲಸಕ್ಕೆಂದೇ ತಿಂಗಳಿಗಿಷ್ಟೆಂದು ಇಲಾಖೆಯವರು ಕರಾರಿನಲ್ಲಿ ಬರೆಯಲಿ. ಇದು ದಾನವಲ್ಲ, ಮಾಡಿಸಿಕೊಂಡ ಕೆಲಸದ ಕೂಲಿ. ಯಾವ ವಕೀಲನೂ ಇದನ್ನು ಒಪ್ಪಿಯಾನು. ಮೊತ್ತವನ್ನು ನಿಲ್ಲುವ ಗಾಡಿಗಳ ಸಂಖ್ಯೆಯ ಮೇಲೆ ಕಟ್ಟಲಿ, ತಿಕೀಟಿನ ಮೇಲಲ್ಲ.