‘ಅಂಕಲ್’ ಅನ್ನೋರು ಸಾಕು, ‘ಲೋ’ ಅನ್ನೋರು ಬೇಕು

ಮನೆ ಲೆಕ್ಕ, ಊರ ಲೆಕ್ಕ – ಭಾಗ 9

ನಲವತ್ತೈದು ದಾಟಿದ ಮೇಲೆ ಕೆಲಸ ಬದಲಾಯಿಸೋರಿಗೆ ನಾವು ಸಾಮಾನ್ಯವಾಗಿ ಎರಡು ಕೊಡ್ತೀವಿ. ಒಂದು, “ಧೈರ್ಯವಾಗಿರಿ, ಎಲ್ಲಾ ಸರಿ ಹೋಗುತ್ತೆ” ಅನ್ನೋ ಮಾತು. ಇನ್ನೊಂದು, ಯಾರೋ ಅರವತ್ತನೇ ವಯಸ್ಸಲ್ಲಿ ಕೋಟಿ ದುಡಿದ ರೀಲ್. ಎರಡರಿಂದಲೂ ಸೋಮವಾರ ಬೆಳಗ್ಗೆ ಏನೂ ಆಗಲ್ಲ. ಅವರಿಗೆ ಬೇಕಾಗಿರೋದು ಜೊತೆ. ತಮ್ಮದೇ ವಯಸ್ಸಿನ, ತಮ್ಮ ಹಾಗೇ ಮೊದಲಿಂದ ಶುರು ಮಾಡಿರೋ ನಾಲ್ಕು ಜನ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

1️⃣ ನಮಗೆ ಬ್ಯಾಚ್ ಇದೆ

ನಾನು ಬಿಕಾಂ ಓದ್ತಿದೀನಿ, ವಯಸ್ಸು ಇಪ್ಪತ್ತು. ಏನೂ ಗೊತ್ತಿಲ್ಲದಿದ್ರೂ ನಡೆಯುತ್ತೆ, ಯಾಕಂದ್ರೆ ನನ್ನ ಸುತ್ತ ಇರೋ ಯಾರಿಗೂ ಏನೂ ಗೊತ್ತಿಲ್ಲ. ಪರೀಕ್ಷೆ ಹಿಂದಿನ ರಾತ್ರಿ ಹನ್ನೊಂದಕ್ಕೆ “ಲೋ, ಡಿಪ್ರಿಸಿಯೇಷನ್ ಲೆಕ್ಕ ಬಂತೇನೋ?” ಅಂತ ಗ್ರೂಪಲ್ಲಿ ಕೇಳಿದ್ರೆ ಮೂರು ಜನ ಫೋಟೋ ಹಾಕ್ತಾರೆ. ಸೀನಿಯರ್ ನೋಟ್ಸ್ ಕೊಡ್ತಾರೆ, ಯಾವ ಕಂಪನಿ ಎಷ್ಟು ಸಂಬಳ ಕೊಡುತ್ತೆ ಅಂತ ಹೇಳ್ತಾರೆ. ಕೆಲಸ ಹುಡುಕೋಕೆ ಪ್ಲೇಸ್‌ಮೆಂಟ್ ಸೆಲ್ ಇದೆ.

ನಲವತ್ತೇಳರಲ್ಲಿ ಮೊದಲಿಂದ ಕಲಿಯೋರಿಗೆ ಸೀನಿಯರ್ ಯಾರು?

2️⃣ ಅಪ್ಪ

ನಮ್ಮಪ್ಪ ದಾವಣಗೆರೆಯ ಒಂದು ಹೋಲ್‌ಸೇಲ್ ಕಿರಾಣಿ ಅಂಗಡಿಯಲ್ಲಿ 21 ವರ್ಷ ಲೆಕ್ಕ ಬರೆದರು. ಕಿರ್ದಿ, ಖಾತೆ, ಬಾಕಿ ವಸೂಲಿ ಎಲ್ಲಾ ಕೈಬರಹ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ನಿಧಾನಕ್ಕೆ ಕಂಪ್ಯೂಟರ್ ಬಂತು, ಹೋದ ವರ್ಷ ಅಪ್ಪನ ಕುರ್ಚಿ ಹೋಯ್ತು. ಯಾರೂ ಜಗಳ ಆಡಲಿಲ್ಲ. ಒಂದು ಶಾಲು, ಎರಡು ತಿಂಗಳ ಸಂಬಳ, ಅಷ್ಟೇ.

ಅಪ್ಪ ಟ್ಯಾಲಿ ಕ್ಲಾಸಿಗೆ ಸೇರಿದರು. ಜಮಾ–ಖರ್ಚು ನನಗಿಂತ ಹತ್ತು ಪಟ್ಟು ಚೆನ್ನಾಗಿ ಗೊತ್ತು, ಮೌಸ್ ಹಿಡಿಯೋಕೆ ಬರಲ್ಲ. ಕ್ಲಾಸಲ್ಲಿ ಎಲ್ಲರೂ ನನ್ನ ವಯಸ್ಸಿನವರು, ಒಳ್ಳೆ ಹುಡುಗರು. “ಬನ್ನಿ ಅಂಕಲ್, ಇಲ್ಲಿ ಕೂತ್ಕೊಳ್ಳಿ ಅಂಕಲ್” ಅಂತ ಮುಂದಿನ ಸೀಟು ಬಿಟ್ಟುಕೊಟ್ಟರು. ಆದ್ರೆ ಯಾರೂ ಅವರ ಜೊತೆ ತಮಾಷೆ ಮಾಡಲಿಲ್ಲ, ಯಾರೂ ಅವರನ್ನ ಡೌಟ್ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ. ಮಗನ ವಯಸ್ಸಿನವರ ಹತ್ರ “ಇದು ಮತ್ತೆ ಮರೆತು ಹೋಯ್ತಪ್ಪಾ” ಅಂತ ಎಷ್ಟು ಸಲ ಹೇಳೋಕಾಗುತ್ತೆ? ಗೌರವ ಸಿಕ್ತು, ಜೊತೆ ಸಿಗಲಿಲ್ಲ.

ಎರಡನೇ ತಿಂಗಳು ಇನ್ನೊಬ್ಬರು ಸೇರಿದರು. 50 ವರ್ಷ, ಮೊದಲು ಔಷಧಿ ಕಂಪನಿ ರೆಪ್ ಆಗಿದ್ದವರು. ಒಂದು ವಾರದಲ್ಲಿ ಇಬ್ಬರೂ “ಲೋ, ನೀನು ತಪ್ಪು ಲೆಡ್ಜರ್‌ಗೆ ಹಾಕಿದೀಯ ಕಣೋ” ಅನ್ನೋ ಹಂತಕ್ಕೆ ಬಂದರು. ಅಪ್ಪ ಮನೇಲಿ ಗಟ್ಟಿಯಾಗಿ ನಗೋದು ನಾನು ಕೇಳಿದ್ದು ಎಷ್ಟೋ ತಿಂಗಳಾದ ಮೇಲೆ. ಟ್ಯಾಲಿ ಅಷ್ಟೇ ಕಷ್ಟ ಇತ್ತು, ಆದ್ರೆ ಅಪ್ಪ ಕ್ಲಾಸ್ ತಪ್ಪಿಸೋದು ನಿಂತಿತು.

3️⃣ ಒಟ್ಟಿಗೆ ಹೋದ ಕೆಲಸ, ಒಬ್ಬೊಬ್ಬರಾಗಿ ಹೋಗೋ ಕೆಲಸ

ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸಾವಿರಾರು ಜನರ ಕೆಲಸ ಒಂದೇ ಏಟಿಗೆ ಹೋಯ್ತು. ಅಲ್ಲಿಂದ ಇವತ್ತಿಗೂ ಬೆಳಗಿನ ರೈಲಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯೋಕೆ ಹೋಗಿ ರಾತ್ರಿ ವಾಪಸ್ ಬರ್ತಾರೆ. ಅದು ಅನ್ಯಾಯ, ಅದರಲ್ಲಿ ಚಂದ ಹುಡುಕೋಕೆ ನಾನು ಹೋಗಲ್ಲ. ಆದ್ರೆ ಒಂದು ಮಾತು: ಗಣಿ ಮುಚ್ಚಿದಾಗ “ನಿನ್ನ ಕೆಲಸ ಯಾಕೆ ಹೋಯ್ತು?” ಅಂತ ಅಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಕಾರಣ ಇಡೀ ಊರಿಗೆ ಗೊತ್ತಿತ್ತು. ನಮ್ಮ ದಾವಣಗೆರೆಯ ಕಾಟನ್ ಮಿಲ್‌ಗಳು ಮುಚ್ಚಿದಾಗಲೂ ಹಾಗೇ.

ಈಗ ಕೆಲಸ ಹೋಗೋದು ಹಾಗಲ್ಲ. ಈ ಅಂಗಡಿಯಲ್ಲಿ ಒಬ್ಬರು, ಆ ಪ್ರೆಸ್ಸಲ್ಲಿ ಇಬ್ಬರು. ಯೂನಿಯನ್ ಇಲ್ಲ, ಪೇಪರಲ್ಲಿ ಸುದ್ದಿ ಇಲ್ಲ. ಹಾಗಾಗಿ ಪ್ರತಿಯೊಬ್ಬರೂ ಅದು ತಮ್ಮೊಬ್ಬರದೇ ಸೋಲು ಅಂದ್ಕೊಂಡು ಮನೇಲಿ ಕೂರ್ತಾರೆ. ಪಕ್ಕದ ಬೀದೀಲೇ ಇನ್ನೊಬ್ಬರು ಹೀಗೇ ಕೂತಿರ್ತಾರೆ, ಇಬ್ಬರಿಗೂ ಗೊತ್ತಿರಲ್ಲ.

4️⃣ ಅಮ್ಮಂಗೆ ಸಂಘ ಇದೆ

ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ. ಸರ್ಕಾರ ಈ ಯೋಜನೆ ಶುರು ಮಾಡಿದ್ದು 2000–01ರಲ್ಲಿ. ಸಾಮಾನ್ಯವಾಗಿ ಒಂದು ಸಂಘಕ್ಕೆ 10ರಿಂದ 20 ಜನ, ವಾರಕ್ಕೊಂದು ಸಭೆ. ಹೆಸರಿಗೆ ಉಳಿತಾಯ, ಸಾಲ. ಆದ್ರೆ ಅಲ್ಲಿ ನಡೆಯೋದು ಬೇರೆಯೂ ಇದೆ. ಒಬ್ಬರು ಹೊಲಿಗೆ ಬಿಟ್ಟು ರೊಟ್ಟಿ ವ್ಯಾಪಾರ ಶುರು ಮಾಡಿದ್ರೆ ಮುಂದಿನ ವಾರ ಉಳಿದೋರಿಗೆಲ್ಲ ಹಿಟ್ಟಿನ ರೇಟು, ಯಾವ ಹೋಟೆಲ್ ದುಡ್ಡು ಸರಿಯಾಗಿ ಕೊಡುತ್ತೆ, ಎಲ್ಲಾ ಗೊತ್ತಾಗುತ್ತೆ. ಸೋತರೂ ಅಲ್ಲೇ ಹೇಳ್ಕೋತಾರೆ.

ಅಪ್ಪಂದಿರಿಗೆ ಅಂಥದ್ದು ಯಾವುದಿದೆ? ಟೀ ಅಂಗಡಿ ಇದೆ. ಅಲ್ಲಿ ರಾಜಕೀಯ ಮಾತಾಡ್ತಾರೆ, ಕೆಲಸ ಹೋಗಿದ್ದನ್ನ ಮಾತ್ರ ಹೇಳಲ್ಲ.

5️⃣ “ಫ್ರೆಂಡ್ಸ್ ಇದಾರಲ್ಲ?”

ಇದಾರೆ. ಆದ್ರೆ ಹಳೇ ಸ್ನೇಹಿತರು ಹಳೇ ಕೆಲಸದವರು. ನಮಗೆ ಗೊತ್ತಿರೋದೇ ಅವರಿಗೂ ಗೊತ್ತಿರೋದು. ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದನ್ನ ಬರೆದಿದ್ದಾರೆ: ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರೋದು ಆಪ್ತರಿಂದ ಅಲ್ಲ, ಅಷ್ಟಕ್ಕಷ್ಟೇ ಪರಿಚಯ ಇರೋರಿಂದ. ಅಪ್ಪನ ವಿಷಯದಲ್ಲೂ ಅದೇ ಆಯ್ತು. ಒಂದು ಅಂಗಡಿಯ ಲೆಕ್ಕ ನೋಡೋಕೆ ತಿಂಗಳಿಗೆ ಎಷ್ಟು ಕೇಳಬೇಕು ಅಂತ ಹೇಳಿದ್ದು ಮೂವತ್ತು ವರ್ಷದ ಗೆಳೆಯರಲ್ಲ, ಎರಡು ತಿಂಗಳ ಹಿಂದೆ ಸಿಕ್ಕ ಆ ರೆಪ್.

ಜೊತೆ ಸಿಕ್ಕ ಮಾತ್ರಕ್ಕೆ ಬಾಡಿಗೆ ಕಟ್ಟೋಕಾಗಲ್ಲ, ಒಪ್ತೀನಿ. ಆದ್ರೆ ಬಾಡಿಗೆ ಕಟ್ಟೋ ದಾರಿ ಗೊತ್ತಾಗೋದು ಆ ದಾರೀಲಿ ಹೋದವರಿಂದಲೇ.

6️⃣ ಏನು ಮಾಡಬಹುದು?

🔹 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ತರಬೇತಿ ಉಚಿತ, ಅಲ್ಲೇ ಉಳ್ಕೊಂಡು ಕಲಿಯೋದು. ಮುಗಿದ ಮೇಲೂ ಅವರು ಸಂಪರ್ಕ ಇಟ್ಕೊಂಡು ವಿಚಾರಿಸ್ತಾರೆ. ಅದು ಯುವಜನರಿಗೆ ಅಂತ ಹುಟ್ಟಿದ್ದು. ನಡುವಯಸ್ಸಿನವರಿಗೇ ಅಂತ ಇಂಥ ಬ್ಯಾಚ್ ಪ್ರತಿ ಜಿಲ್ಲೆಯಲ್ಲೂ ಬೇಕು.

🔹 ಕಂಪ್ಯೂಟರ್ ಕ್ಲಾಸ್ ನಡೆಸೋರೇ, ನಲವತ್ತು ದಾಟಿದವರನ್ನ ಒಬ್ಬೊಬ್ಬರಾಗಿ ಹುಡುಗರ ಮಧ್ಯೆ ಕೂರಿಸಬೇಡಿ. ಇಬ್ಬರಾದ್ರೂ ಒಟ್ಟಿಗೆ ಇರೋ ಹಾಗೆ ಸಂಜೆ ಬ್ಯಾಚ್ ಮಾಡಿ.

🔹 ಕಾಲೇಜುಗಳ ಕಾಮರ್ಸ್ ಲ್ಯಾಬ್ ಭಾನುವಾರ ಖಾಲಿ ಇರುತ್ತೆ. ಎರಡು ಗಂಟೆ ಬಾಗಿಲು ತೆಗೆದ್ರೆ ಸಾಕು. ನಾವು ಹುಡುಗರು ಪಾಠ ಮಾಡೋದು ಬೇಡ, ಕಂಪ್ಯೂಟರ್ ಆನ್ ಮಾಡಿ ಟೀ ತಂದುಕೊಡೋಣ. ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಹೇಗೆ ಮುಗಿಸೋದು ಅಂತ ಅವರವರೇ ಹೇಳ್ಕೊಡ್ಲಿ.

🔹 ಕೆಲಸ ಬದಲಾಯಿಸಿ ಒಂದು ವರ್ಷ ಆಗಿರೋರೇ, ನೀವೇ ಆ ಸೀನಿಯರ್. ಪೂರ್ತಿ ಗೆಲ್ಲೋವರೆಗೂ ಕಾಯಬೇಡಿ. ಮೊದಲ ಮೂರು ತಿಂಗಳು ಹೇಗೆ ಕಳೆದ್ರಿ ಅನ್ನೋದೇ ಈಗ ಶುರು ಮಾಡೋರಿಗೆ ಬೇಕಿರೋದು.

ನಿಮ್ಮ ಮನೇಲಿ ಇಂಥವರು ಇದ್ರೆ ಈ ವಾರ ಅವರಿಗೆ ಬುದ್ಧಿ ಹೇಳಬೇಡಿ, ರೀಲ್ ಕಳಿಸಬೇಡಿ. ಅವರ ಹಾಗೇ ಇರೋ ಇನ್ನೊಬ್ಬರ ನಂಬರ್ ಹುಡುಕಿ, ಇಬ್ಬರನ್ನೂ ಕೇಳಿ, ಒಂದು ಟೀಗೆ ಕೂರಿಸಿ. ನೀವು ಮಾತ್ರ ಅಲ್ಲಿ ಕೂರಬೇಡಿ.